ಉಳಿದ ಮೂರು ಅಂಕಗಳನ್ನು ಕೇಳದಿರುವ ಬಗ್ಗೆ

ಗೃಹಾಡಳಿತ ಇಲಾಖೆ
ಮೂರನೇ ಮಹಡಿ, ಅಲ್ ವುಕೈರ್, ಕತಾರ್

ಸಂಖ್ಯೆ: ಗೃಆಇ/ಅಂಕ/ಏಳು/ತುರ್ತು
ದಿನಾಂಕ: ಶುಕ್ರವಾರ, ಊಟದ ನಂತರ

ಸುತ್ತೋಲೆ

ವಿಷಯ: ಡಚ್ ವಿಶ್ವವಿದ್ಯಾಲಯದ ಅಂಕಗಳನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವ ಕುರಿತು.

ಉಲ್ಲೇಖ: 1. ಕು. ನೇತ್ರಾ ಅವರ ಮೊದಲ ಫಲಿತಾಂಶ.
2. ಅದನ್ನು ಕೇಳಿ ಶ್ರೀ ಶೇಖಪ್ಪ ಅವರು ಫೋನಿನಲ್ಲಿ ಆಡಿದ ಮಾತು.
3. ತದನಂತರ ಉತ್ತರ ಸಿಗದ ಅವರ ಕರೆಗಳು.

ದೋಹಾದ ಕಾಲೇಜಿನಿಂದ ಒಂದು ಸೆಮಿಸ್ಟರಿನ ಮಟ್ಟಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ನೆದರ್ಲೆಂಡ್ಸ್‌ಗೆ ತೆರಳಿರುವ ಕು. ನೇತ್ರಾ ಅವರು ಹತ್ತಕ್ಕೆ ಏಳು ಅಂಕ ಪಡೆದು, ಸಂತೋಷದಿಂದ ಮನೆಗೆ ಫೋನು ಮಾಡಿರುತ್ತಾರೆ. ಗ್ಯಾಸ್ ಪ್ಲಾಂಟಿನಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿರುವ ಅವರ ತಂದೆ, ಬಾಗಲಕೋಟೆ ಮೂಲದ ಶ್ರೀ ಶೇಖಪ್ಪ ಅವರು, ಸದರಿ ಅಂಕವನ್ನು ಪ್ಲಾಂಟಿನ ತಪಾಸಣೆಯ ಅಳತೆಗೋಲಿನಿಂದ ಅಳೆದು, "ಹತ್ತಕ್ಕ ಏಳಾ? ಉಳಿದ ಮೂರು ಎಲ್ಲಿ ಚೆಲ್ಲಿ ಬಂದಿ? ನಮ್ಮಲ್ಲಿ ಏಳು ಬಂದ್ರ ಪ್ಲಾಂಟ್ ಶಟ್‌ಡೌನ್ ಮಾಡ್ತಾರವ್ವಾ. ಖಲಾಸ್, ವಾಪಸ್ ಬಂದ್ಬಿಡು" ಎಂದು ನುಡಿದಿರುವುದು ಇಲಾಖೆಯ ಗಮನಕ್ಕೆ ಬಂದಿದೆ.

ಅಂದಿನಿಂದ ಮಗಳು ತಾಯಿಯ ಫೋನನ್ನು ಮಾತ್ರ ಎತ್ತುತ್ತಿದ್ದಾರೆ. ಶ್ರೀಯುತರು ಮೇಲ್ನೋಟಕ್ಕೆ ಗಟ್ಟಿಯಾಗಿದ್ದರೂ, ತಾಯಿ ಮಗಳು ಮಾತಾಡುವಾಗಲೆಲ್ಲ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬರುತ್ತಿದ್ದು, ಕ್ಯಾನಿನ ನೀರು ಅವಧಿಗೆ ಮುನ್ನವೇ ಖಾಲಿಯಾಗುತ್ತಿದೆ. ಆದಕಾರಣ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಆ ದೇಶದಲ್ಲಿ ಐದೂವರೆಗೆ ಪಾಸು. ಏಳು ಎಂದರೆ ಚೆನ್ನಾಗಿದೆ. ಎಂಟು ಬಂದರೆ ಗೆಳೆಯರು ಸೈಕಲ್ ನಿಲ್ಲಿಸಿ ಕೈ ಕುಲುಕುತ್ತಾರೆ. ಹತ್ತು ಎಂಬುದು ಮಂಜೂರಾದ ಹುದ್ದೆಯೇ ಹೌದಾದರೂ ಸಾಮಾನ್ಯವಾಗಿ ಭರ್ತಿ ಮಾಡುವುದಿಲ್ಲ.

2. ಏಳನ್ನು ಎಪ್ಪತ್ತು ಪರ್ಸೆಂಟ್ ಎಂದು ಲೆಕ್ಕ ಹಾಕಿ ಕೊರಗುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಮೇಲಿನ ಮಹಡಿಯ ಶ್ರೀ ವಿಜಯಕುಮಾರ ಅವರ ಮಗನ ತೊಂಬತ್ತೇಳರ ಪಕ್ಕದಲ್ಲಿಟ್ಟು ನೋಡುವುದನ್ನು ಲಿಫ್ಟಿನೊಳಗೂ ನಿಷೇಧಿಸಲಾಗಿದೆ.

3. ತೊಂಬತ್ತಕ್ಕಿಂತ ಕಡಿಮೆ ಬಂದರೆ ಪೇಡೆ ಹಂಚುವಂತಿಲ್ಲ ಎಂಬ ಹಳೆಯ ಆದೇಶವನ್ನು ರದ್ದುಪಡಿಸಲಾಗಿದೆ. ಆದರೂ ಏಳಕ್ಕೆ ಇಡೀ ಪೇಡೆ ಹಂಚಿದರೆ ಮರ್ಯಾದೆಗೆ ಕುಂದೆಂದು ಶ್ರೀಯುತರು ಪ್ರತಿ ಪೇಡೆಯ ಹತ್ತರಲ್ಲಿ ಏಳು ಭಾಗವನ್ನು ಮಾತ್ರ ಕತ್ತರಿಸಿ ಹಂಚಿದ್ದು, ಉಳಿಕೆ ತುಂಡುಗಳನ್ನು ಆಯಾ ಮನೆಗಳಿಗೆ ಖುದ್ದಾಗಿ ತಲುಪಿಸತಕ್ಕದ್ದು.

4. ಹೊಸ ಪದ್ಧತಿ ಅರ್ಥವಾಯಿತೆಂದು ತೋರಿಸಲು ಶ್ರೀಯುತರು ಕಳೆದ ವಾರ ಇಲಾಖಾ ಮುಖ್ಯಸ್ಥರ ಬದನೆಕಾಯಿ ಎಣ್ಣೆಗಾಯಿಗೆ ಆರು ಅಂಕ ನೀಡಿರುತ್ತಾರೆ. ಇದು ಹೊಗಳಿಕೆ ಎಂಬ ಅವರ ಸಮಜಾಯಿಷಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಡಚ್ ಪದ್ಧತಿ ಅಡುಗೆಗೆ ಅನ್ವಯಿಸುವುದಿಲ್ಲ. ಅಡುಗೆಗೆ ಹತ್ತೇ.

5. ಶ್ರೀಯುತರ ಅಪ್ಪತನಕ್ಕೆ ಎಷ್ಟು ಅಂಕವೆಂದು ಕು. ನೇತ್ರಾ ಅವರನ್ನು ವಿಚಾರಿಸಲಾಗಿ, "ನಾಲ್ಕು" ಎಂಬ ಉತ್ತರ ಬಂದಿದೆ. ಇದು ಅಲ್ಲಿಯೂ ನಪಾಸೇ. ಇದನ್ನು ತಿಳಿಸಿದಾಗ ಶ್ರೀಯುತರು ಉಳಿದ ಆರರ ಬಗ್ಗೆ ವಿಚಾರಿಸಲಿಲ್ಲ. ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆಗಳನ್ನು ತೆಗೆದು, ಮತ್ತೆ ಅಲ್ಲೇ ಹರವಿದರು. ಅವರಿಗೆ ಬಹಳ ನೋವಾಗಿದೆ ಎಂದು ದಾಖಲಿಸಲಾಗಿದೆ.

6. ಮಾತು ಆಡಿದರೆ ಹೋಯಿತು ಎಂಬುದು ಜಾರಿಯಲ್ಲಿರುವ ನಿಯಮವೇ ಆದರೂ, ಆ ವಿಶ್ವವಿದ್ಯಾಲಯದಲ್ಲಿ ಫೇಲಾದವರಿಗೆ ಒಂದು ಮರುಪರೀಕ್ಷೆ ಇರುವುದರಿಂದ, ಅದೇ ಸೌಲಭ್ಯವನ್ನು ಶ್ರೀಯುತರಿಗೂ ವಿಸ್ತರಿಸಲಾಗಿದೆ. ಪರೀಕ್ಷೆಯು ಫೋನಿನಲ್ಲಿ ನಡೆಯತಕ್ಕದ್ದು. "ಊಟ ಆತೇನವ್ವಾ? ಅಲ್ಲೆ ಥಂಡಿ ಭಾಳ ಐತೇನು?" ಇಷ್ಟೇ ಪಠ್ಯಕ್ರಮ. ಪ್ಲಾಂಟಿನ ಪ್ರಸ್ತಾಪ ಬಂದಲ್ಲಿ ಶೂನ್ಯ ನೀಡಲಾಗುವುದು. ಶ್ರೀಯುತರು ಬಚ್ಚಲುಮನೆಯಲ್ಲಿ, ಧ್ವನಿ ಹೊರಗೆ ಕೇಳದಂತೆ ನಲ್ಲಿ ಬಿಟ್ಟುಕೊಂಡು, ಅಭ್ಯಾಸ ನಡೆಸುತ್ತಿದ್ದಾರೆ.

ಸಹಿ/-
ನೀಲಕ್ಕ ಶೇಖಪ್ಪ
ಮುಖ್ಯಸ್ಥರು, ಗೃಹಾಡಳಿತ ಇಲಾಖೆ
(ಅಡುಗೆಮನೆ, ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ಶ್ರೀ ವಿಜಯಕುಮಾರ, ಮೇಲಿನ ಮಹಡಿ: ಮಾಹಿತಿಗಾಗಿ, ಪೇಡೆಯ ತುಂಡುಗಳೊಂದಿಗೆ.
2. ಶ್ರೀ ಶೇಖಪ್ಪ: ಪಾಲನೆಗಾಗಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.
3. ಕು. ನೇತ್ರಾ, ಮೌಲ್ಯಮಾಪಕರು: ಭಾನುವಾರ ಅಪ್ಪನ ಫೋನು ಎತ್ತಬೇಕೆಂಬ ಕೋರಿಕೆಯೊಂದಿಗೆ. ಐದೂವರೆ ಕೊಟ್ಟರೂ ಸಾಕು ಎಂದು ಅಭ್ಯರ್ಥಿಯು ತಿಳಿಸಿರುತ್ತಾರೆ.