ಜಿಗಣಿಯ ಸರಣಿ ಹಂತಕ

“ಇಂಥ ಕೊಲೆಗಾರ ಹೊರಗಡೆಯಿಂದ ಬರಲ್ಲ ಆಂಟಿ, ನಮ್ಮ ಮಧ್ಯದಲ್ಲೇ ಇರ್ತಾನೆ. ನೋಡಿದ್ರೆ ತುಂಬಾ ಒಳ್ಳೇವ್ನು ಅನ್ಸುತ್ತೆ. ಜಾಸ್ತಿ ಮಾತಾಡಲ್ಲ, ಯಾರ ಜೊತೇನೂ ಜಗಳ ಆಡಲ್ಲ, ಮನೇನ ನೀಟಾಗಿ ಇಟ್ಕೊಂಡಿರ್ತಾನೆ.”

ಮೇಲಿನ ಮನೆಯ ಮುರಳಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಂಗಳದಲ್ಲಿದ್ದವರೆಲ್ಲ ನಲ್ಲಿಯ ಕಡೆ ತಿರುಗಿದ್ದರು. ನಲ್ಲಿಯ ಹತ್ತಿರ ಸಿದ್ದರಾಜು ಬಾಯಿ ತುಂಬ ನೊರೆ ಮಾಡಿಕೊಂಡು ಹಲ್ಲುಜ್ಜುತ್ತಿದ್ದ. ತನ್ನ ಹಿಂದೆ ಯಾರೋ ಬಂದಿರಬೇಕೆಂದು ಅವನೂ ತಿರುಗಿ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು.

ಸಂಗತಿ ಇಷ್ಟೇ. ಓನರ್ ಚಿಕ್ಕಬೈರಪ್ಪನವರು ಜಿಗಣಿಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದಿದ್ದರು. ಹೊಲ ಹೋದರೂ ಅವರ ಹೆಂಡತಿ ಲಕ್ಷ್ಮಮ್ಮ ಮಾತ್ರ ಕೋಳಿಗಳನ್ನು ಬಿಟ್ಟಿರಲಿಲ್ಲ. ವಠಾರದಲ್ಲಿ ನಾಯಿ ಬೆಕ್ಕು ಸಾಕುವಂತಿಲ್ಲ, ಗಂಡಸರು ಬನಿಯನ್ನಿನಲ್ಲಿ ಮೆಟ್ಟಿಲ ಮೇಲೆ ಕೂರುವಂತಿಲ್ಲ, ನಲ್ಲಿ ಸೋರಿಸುವಂತಿಲ್ಲ. ಕೋಳಿಗೆ ಮಾತ್ರ ಯಾವ ಕಾನೂನೂ ಇಲ್ಲ, ಅವು ಯಾರ ಮನೆಗಾದರೂ ನುಗ್ಗಬಹುದು. ಅಂಥ ರಾಜಯೋಗದ ಕೋಳಿಗಳಲ್ಲಿ ಎರಡು ವಾರದಿಂದ ಭಾನುವಾರ ಬೆಳಗಾದರೆ ಒಂದೊಂದು ಹ್ಯಾಟೆ ಕೋಳಿ ಸತ್ತು ಬಿದ್ದಿರುತ್ತಿತ್ತು. ಕತ್ತಿನಲ್ಲಿ ಗಾಯ, ಮೈ ಹಾಗೆಯೇ. ಒಂದು ಚೂರೂ ತಿಂದಿರುತ್ತಿರಲಿಲ್ಲ. ಇವತ್ತಿನ ಮೂರನೆಯದು ಸಿದ್ದರಾಜುವಿನ ಹೊಸಿಲ ಮುಂದೆಯೇ ಬಿದ್ದಿತ್ತು.

“ಮುಂಗ್ಸಿ ಇರ್ಬೇಕು ಬುಡು,” ಎಂದರು ಚಿಕ್ಕಬೈರಪ್ಪ.

“ಮುಂಗ್ಸಿ ಆಗಿದ್ರೆ ತಿನ್ನೋದಲ್ವಾ ಅಂಕಲ್? ಇಲ್ಲಿ ಹಸಿವೇ ಇಲ್ಲ, ಬರೀ ಥ್ರಿಲ್. ಹೊಟ್ಟೆ ತುಂಬಿರೋನು ಮಾಡಿರೋ ಕೆಲಸ ಇದು. ಮಧ್ಯೆ ಒಂದೊಂದು ವಾರ ಗ್ಯಾಪ್ ಕೊಡ್ತಾನೆ ನೋಡಿ, ಅದನ್ನ ಕೂಲಿಂಗ್ ಪೀರಿಯಡ್ ಅಂತಾರೆ. ಸೀರಿಯಲ್ ಕಿಲ್ಲರ್‌ಗಳ ಟ್ರೇಡ್‌ಮಾರ್ಕು. ಅವರೆಲ್ಲ ಶುರು ಮಾಡೋದೇ ಚಿಕ್ಕ ಪ್ರಾಣಿಯಿಂದ. ಇವತ್ತು ಕೋಳಿ, ನಾಳೆ ಮನುಷ್ಯ.”

ಮುರಳಿಗೆ ಇದೆಲ್ಲ ಗೊತ್ತಿರಲು ಕಾರಣವಿತ್ತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಅವನು ವಾರವೆಲ್ಲ ಕಿಟಕಿ ಬಾಗಿಲು ಮುಚ್ಚಿಕೊಂಡು ರಾತ್ರಿಯಿಡೀ ಅಮೆರಿಕದವರ ಜೊತೆ ಮಾತಾಡುತ್ತಿದ್ದ. ಬಿಡುವಿನಲ್ಲಿ ಆನ್‌ಲೈನಿನಲ್ಲಿ ಅಪರಾಧ ಮನಶ್ಶಾಸ್ತ್ರದ ಕೋರ್ಸ್ ಮಾಡಿ, ಅದರ ಸರ್ಟಿಫಿಕೇಟನ್ನು ದೇವರ ಫೋಟೋ ಪಕ್ಕದಲ್ಲಿ ನೇತು ಹಾಕಿದ್ದ. ರಜೆಯ ದಿನ ಮಾತ್ರ ಕಿಟಕಿ ತೆರೆದು ಹೊರಗೆ ಬರುತ್ತಿದ್ದ. ಬಂದಾಗ ಹೀಗೆ ಜ್ಞಾನವೂ ಜೊತೆಗೆ ಬರುತ್ತಿತ್ತು.

ಬೇರೆ ದಿನವಾಗಿದ್ದರೆ ಸಿದ್ದರಾಜು ನಕ್ಕು ಸುಮ್ಮನಾಗುತ್ತಿದ್ದ. ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವ ಅವನದು ಮುಚ್ಚಳದಂಥದೇ ಸ್ವಭಾವ, ಒತ್ತಿದರೆ ಕೂತುಬಿಡುತ್ತಿದ್ದ. ಆದರೆ ಇವತ್ತು ಸಂಜೆ ಅತ್ತಿಬೆಲೆಯಿಂದ ಹನುಮಯ್ಯ ಬರುವವರಿದ್ದರು. ಹನುಮಯ್ಯ ಎಂದರೆ ಧನಲಕ್ಷ್ಮಿಯ ಸೋದರಮಾವ. ಹೋದ ವಾರ ಹೆಣ್ಣು ನೋಡಲು ಹೋದಾಗ ಧನಲಕ್ಷ್ಮಿ ಉಪ್ಪಿಟ್ಟಿನ ತಟ್ಟೆ ಕೊಟ್ಟು, ಅವನು ಮೆಣಸಿನಕಾಯಿ ಕಚ್ಚಿದ್ದು ನೋಡಿ ನಕ್ಕಿದ್ದಳು. ಆ ನಗು ಸಿದ್ದರಾಜುವಿನ ಎದೆಯಲ್ಲಿ ಇನ್ನೂ ಖಾರವಾಗಿಯೇ ಇತ್ತು. ಹುಡುಗಿ ಒಪ್ಪಿದ್ದಾಳೆ, ಸೋದರಮಾವ ಒಂದು ಸಲ ಬಂದು ಅಕ್ಕಪಕ್ಕದವರ ಹತ್ತಿರ ಹುಡುಗನ ಗುಣ ವಿಚಾರಿಸಿಕೊಂಡು ಹೋದರೆ ಮುಗಿಯಿತು ಎಂದಿದ್ದ ಬ್ರೋಕರ್. ಅಕ್ಕಪಕ್ಕದವರು ಎಂದರೆ ಇವರೇ. ಸಿದ್ದರಾಜು ನೊರೆ ಉಗಿದ.

“ಏನ್ರೀ ಮುರಳಿ, ನನ್ನ ಬಗ್ಗೆ ಹೇಳ್ತಿದೀರಾ?”

“ನಾನು ಯಾರ ಹೆಸರೂ ಹೇಳಿಲ್ಲ ಗುರು. ಪ್ರೊಫೈಲ್ ಹೇಳಿದೆ ಅಷ್ಟೆ.”

“ಅಲ್ಲ, ದಿನಾ ಈ ಕೋಳಿಗಳಿಗೆ ಅನ್ನ ಹಾಕೋನು ನಾನು. ನಾನ್ಯಾಕೆ ಕೊಲ್ಲಲಿ?”

ಮುರಳಿ ಬೇಸರದಿಂದ ತಲೆಯಾಡಿಸಿದ. “ಮೊದಲು ನಂಬಿಕೆ ಗಳಿಸೋದು. ಇದು ಎರಡನೇ ಪಾಠದಲ್ಲೇ ಬರುತ್ತೆ.”

ಎದುರು ಮನೆಯ ಸವಿತಾ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು. ಜನರ ಮುಖವನ್ನು ಹತ್ತಿರದಿಂದ ನೋಡಿ ಅಭ್ಯಾಸ. “ಸಿದ್ದರಾಜಣ್ಣ, ನಿಮ್ಮ ಹಣೆ ಮೇಲೆ ಅದೇನು ಗಾಯದ ಗುರುತು? ಐಬ್ರೋ ಒಂದು ಕಡೆ ಕಟ್ ಆಗಿದೆಯಲ್ಲ,” ಎಂದು ಕೇಳಿದಳು. ಪಾಪ, ಮುಚ್ಚುಮರೆ ಬಾರದ ಸಿದ್ದರಾಜು, ಮಳವಳ್ಳಿಯಲ್ಲಿ ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದದ್ದನ್ನು ಹೇಳಿಬಿಟ್ಟ.

“ತಲೆಗೆ ಪೆಟ್ಟು,” ಎಂದ ಮುರಳಿ, ಡಾಕ್ಟರು ರಿಪೋರ್ಟ್ ಓದುವ ಹಾಗೆ. “ಇದೊಂದು ದೊಡ್ಡ ಥಿಯರಿ. ಮೆದುಳಿನ ಮುಂಭಾಗಕ್ಕೆ ಏಟಾದ್ರೆ ಒಳಗಿರೋ ಬ್ರೇಕ್ ಹೋಗುತ್ತಂತೆ. ನೋಡಕ್ಕೆ ಗಾಡಿ ಚೆನ್ನಾಗಿರುತ್ತೆ, ಇಳಿಜಾರಲ್ಲಿ ಗೊತ್ತಾಗೋದು.”

“ಅಯ್ಯೋ, ಒಳಗ್ ಜರುಗ್‌ಬುಟ್ಟೈತೆ ಪಾಪ,” ಎಂದರು ಲಕ್ಷ್ಮಮ್ಮ. ಸತ್ತ ಹ್ಯಾಟೆಯನ್ನು ಎತ್ತಿಕೊಂಡು ಕೂತಿದ್ದ ಅವರ ಕಣ್ಣಲ್ಲಿ ನೀರಿತ್ತು. ಕೋಳಿಗೋ, ಸಿದ್ದರಾಜುವಿಗೋ ಹೇಳುವುದು ಕಷ್ಟ.

“ನಿಮ್ಮ ತಾಯಿ ನಿಮಗೆ ಹೊಡೀತಿದ್ರಾ?” ಮುರಳಿ ಮುಂದಿನ ಥಿಯರಿಗೆ ಹೋದ.

ಇಲ್ಲಿ ಸಿದ್ದರಾಜುವಿಗೆ ರೇಗಿತು. “ನಮ್ಮಮ್ಮನ ಸುದ್ದಿಗೆ ಬರಬೇಡಿ. ಹೊಡೀದೇ ಇರೋ ತಾಯಿ ಯಾವ ಊರಲ್ಲಿದಾಳ್ರೀ? ಪೊರಕೇಲಿ ಹೊಡ್ದಿದಾಳೆ, ಸೌಟಲ್ಲಿ ಹೊಡ್ದಿದಾಳೆ, ಆಮೇಲೆ ಕೂರಿಸ್ಕೊಂಡು ಮುದ್ದೆ ತಿನ್ಸಿದಾಳೆ. ನಿಮ್ಮ ಲೆಕ್ಕದಲ್ಲಿ ನಮ್ಮ ಇಡೀ ಮಳವಳ್ಳಿ ತಾಲ್ಲೂಕು ಪರಪ್ಪನ ಅಗ್ರಹಾರದಲ್ಲಿ ಇರ್ಬೇಕಿತ್ತು.”

“ನೋಡಿದ್ರಾ, ತಾಯಿ ಹೆಸರು ಎತ್ತಿದ ತಕ್ಷಣ ಕೋಪ,” ಎಂದು ಮುರಳಿ ಎಲ್ಲರ ಮುಖ ನೋಡಿದ. ಎಲ್ಲರೂ ನೋಡಿದ್ದರು.

“ಮತ್ತೆ ಭಾನುವಾರಾನೇ ಯಾಕೆ ಸಾಯ್ತಾವೆ?” ಎಂದಳು ಸವಿತಾ. “ಸಿದ್ದರಾಜಣ್ಣಂಗೆ ವಾರದ ರಜೆ ಭಾನುವಾರಾನೇ ಅಲ್ವಾ?”

“ಯಾರಿಗಿಲ್ಲಮ್ಮ ಭಾನುವಾರ ರಜೆ?” ಎಂದ ಸಿದ್ದರಾಜು. “ಭಾನುವಾರ ಜಿಗಣೀಲಿ ಕೋಳಿ ಸಾಯದ ಮನೆ ಯಾವುದಿದೆ ತೋರಿಸು. ಈ ಲಕ್ಷ್ಮಮ್ಮೋರೇ ಹೋದ ವಾರ ಹುಂಜ ಕೊಯ್ಸಿ ನನಗೂ ಒಂದು ಬಟ್ಟಲು ಸಾರು ಕಳ್ಸಿರ್ಲಿಲ್ವಾ?”

“ಅದು ಅಡಿಗೆಗೆ ಕಣಪ್ಪ,” ಲಕ್ಷ್ಮಮ್ಮನಿಗೆ ನೋವಾಯಿತು. “ಇದು ಕೊಲೆ.”

ಇದೆಂಥ ನ್ಯಾಯ ನೋಡಿ. ಕುಡಿದು ಬಂದು ಗೇಟಿಗೆ ಒದೆಯುವವನಿಗೆ ಈ ಊರಲ್ಲಿ ಪ್ರೊಫೈಲ್ ಇಲ್ಲ. ಪಕ್ಕದ ಮನೆಯವರ ನೀರಿನ ಸಂಪಿಗೆ ಪೈಪ್ ಇಳಿಬಿಡುವವನ ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಯಾರೂ ಕೇಳುವುದಿಲ್ಲ. ತನ್ನ ಪಾಡಿಗೆ ತಾನು ನೆಲ ಒರೆಸಿಕೊಂಡು, ಕೋಳಿಗೆ ಅನ್ನ ಹಾಕಿಕೊಂಡಿರುವವನನ್ನು ಕಂಡರೆ ಮಾತ್ರ ಅನುಮಾನ.

ರೂಮು ಚೆಕ್ ಮಾಡಿಬಿಡಿ ಎಂದು ಸಿದ್ದರಾಜುವೇ ಬಾಗಿಲು ತೆರೆದ. ಅದೇ ತಪ್ಪಾಯಿತು. ಮಡಿಸಿಟ್ಟ ಹೊದಿಕೆ, ಸಾಲಾಗಿ ನಿಂತ ಚಪ್ಪಲಿ ನೋಡಿ ಸವಿತಾ “ಅಬ್ಬಾ, ಎಷ್ಟು ನೀಟು” ಎಂದು ಹೆದರಿ ಹಿಂದೆ ಸರಿದಳು. ಕನ್ನಡಿಯ ಹಿಂದೆ ಕೈ ಹಾಕಿದ ಮುರಳಿ ಮೆಲ್ಲಗೆ ಒಂದು ಕೋಳಿಪುಕ್ಕ ಎಳೆದ. ಪುಕ್ಕ ಎಳೆದ ಕೈಯ ಮೇಲೆ ಮೊಣಕೈವರೆಗೂ ಪರಚಿದ ಗೆರೆಗಳಿದ್ದವು. ಮೊನ್ನೆ ಯಾರೋ ಕೇಳಿದ್ದಕ್ಕೆ ಗುಲಾಬಿ ಗಿಡ ಎಂದಿದ್ದ. ವಠಾರದಲ್ಲಿ ಗುಲಾಬಿ ಗಿಡ ಇರಲಿಲ್ಲ, ಯಾರೂ ಅದನ್ನು ಯೋಚಿಸಿರಲಿಲ್ಲ.

“ಟ್ರೋಫಿ,” ಎಂದ ಮುರಳಿ. “ಕೊಂದ ಮೇಲೆ ನೆನಪಿಗೆ ಏನಾದ್ರೂ ಒಂದು ಎತ್ತಿಟ್ಕೋತಾರೆ.”

“ಕಿವಿ ಕೆರ್ಕೊಳಕ್ಕೆ ಕಣ್ರೀ ಅದು! ಓನರ್ರೇ, ನೀವೂ ಪುಕ್ಕದಲ್ಲೇ ಅಲ್ವಾ ಕಿವಿ ಕೆರ್ಕೊಳೋದು? ಹೇಳಿ.”

ಚಿಕ್ಕಬೈರಪ್ಪನವರು ಕಿವಿ ಮುಟ್ಟಿಕೊಂಡು, ಕೆಮ್ಮಿ, ಆಕಾಶ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಮುರಳಿ ಇನ್ನೊಂದು ಥಿಯರಿ ತಂದ. ಒಬ್ಬನನ್ನು ಪದೇ ಪದೇ ಕೊಲೆಗಾರ ಎಂದು ಕರೆದರೆ ಅವನು ಕೊನೆಗೆ ಕೊಲೆಗಾರನೇ ಆಗಿಬಿಡುತ್ತಾನಂತೆ. ಆದ್ದರಿಂದ ಯಾರೂ ಹಾಗೆ ಕರೆಯಬಾರದು, ಪ್ರೀತಿಯಿಂದಿರಬೇಕು. ಅದು ಬೈಗುಳಕ್ಕಿಂತ ಕಷ್ಟವಾಯಿತು. ಸವಿತಾ ದೂರದಿಂದ ನಗುತ್ತಾ “ಊಟ ಆಯ್ತಾ ಅಣ್ಣಾ” ಎಂದು ಚಿಲಕ ಹಾಕಿಕೊಂಡಳು. ಲಕ್ಷ್ಮಮ್ಮ ಕೋಳಿಗಳನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಅವನ ಬಾಗಿಲು ದಾಟಿದರು.

ಸಂಜೆ ಹತ್ತಿರವಾಗುತ್ತಿದ್ದಂತೆ ಸಿದ್ದರಾಜುವಿನ ಕೋಪ ಕರಗಿ ಭಯವಾಯಿತು. ಓನರ್ ಮುಂದೆ ಹೋಗಿ ನಿಂತ.

“ಓನರ್ರೇ, ಹುಡುಗಿ ಸೋದರಮಾವ ಇನ್ನೇನು ಬರ್ತಾರೆ. ನಿಮ್ಮನ್ನೇ ಕೇಳ್ತಾರೆ. ಒಂದು ಒಳ್ಳೆ ಮಾತು ಹೇಳಿ ಸಾಕು.”

“ಸುಳ್ ಎಂಗ್ ಯೋಳ್ಳಿ ಸಿದ್ರಾಜು? ನಾಳೀಕೆ ಆ ಮಗೀಗೆ ಏನಾರಾ ಆದ್ರೆ?”

“ಹಾಗಾದ್ರೆ ನಾನಲ್ಲ ಅಂತ ಹೇಗೆ ತೋರಿಸ್ಲಿ? ನೀವೇ ಹೇಳಿ.”

ಚಿಕ್ಕಬೈರಪ್ಪ ಒಳಗೆ ಹೋಗಿ ಚೂರಿ ತಂದರು. ಬರುವಾಗ ಕಂಕುಳಲ್ಲಿ ಒಂದು ಹುಂಜವಿತ್ತು.

“ಓದಿರೋರ್ ಮಾತು ಬೆಳಗ್ನಿಂದ ಕೇಳಾಯ್ತು. ಕೊಲ್ಲೋ ಕೈ ಯಾವ್ದು, ಕೊಲ್ದಿರೋ ಕೈ ಯಾವ್ದು ನಂಗೊತ್ತಾಯ್ತದೆ. ಎಂಗಿದ್ರೂ ರಾತ್ರಿ ಸಾರ್ಗೆ ಇದು ಓಗ್ಬೇಕು. ನೀನೇ ಕುಯ್ಯಿ. ಕೈ ನಡುಗ್ತಾ, ನೀನಲ್ಲ. ನಡುಗ್ಲಿಲ್ವಾ, ಗಂಟುಮೂಟೆ ಕಟ್ಟು.”

ಮುರಳಿ ಇದನ್ನು ಬಿಹೇವಿಯರ್ ಟೆಸ್ಟ್ ಎಂದು ಒಪ್ಪಿಕೊಂಡ. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಎಲ್ಲರೂ ನಿಂತರು. ಸಿದ್ದರಾಜು ಕೋಳಿಸಾರು ತಿನ್ನುವವನೇ. ಎರಡು ಸಲ ಬಡಿಸಿಕೊಳ್ಳುವವನೇ. ಆದರೆ ಕೋಳಿ ಬದುಕಿದ್ದಾಗಲೂ ಸಾರಿನಲ್ಲಿದ್ದಾಗಲೂ ಅವನಿಗೆ ಪರಿಚಯವೇ ಹೊರತು, ನಡುವಿನದು ಗೊತ್ತಿರಲಿಲ್ಲ. ಚೂರಿ ಕೈಗೆ ಬಂತು. ಹುಂಜ ತಲೆ ಓರೆ ಮಾಡಿ, ಬೆಳಿಗ್ಗೆ ಅನ್ನ ಹಾಕಿದವನೇ ಅಲ್ಲವೇ ನೀನು ಎನ್ನುವ ಹಾಗೆ ನೋಡಿತು. ಅಷ್ಟೇ. ಮೊದಲು ಬೆರಳು ನಡುಗಿತು, ಆಮೇಲೆ ಮೊಣಕೈ, ಆಮೇಲೆ ಮಂಡಿ. “ತಪ್ಪಾಯ್ತಪ್ಪಾ” ಎಂದು ಕೋಳಿಗೆ ಕೈಮುಗಿದ. ಕಣ್ಣು ಕತ್ತಲೆ ಬಂದು ಕಲ್ಲಿನ ಪಕ್ಕ ಕುಸಿದು ಕೂತ. ಚೂರಿ ಠಣ್ ಎಂದು ಕಲ್ಲಿನ ಮೇಲೆ ಬಿತ್ತು. ಹುಂಜ ಅವನ ತಲೆಯ ಮೇಲೆ ಕಾಲಿಟ್ಟು ಹಾರಿಹೋಯಿತು.

“ಇವ್ನಲ್ಲ,” ಎಂದು ತೀರ್ಪು ಕೊಟ್ಟರು ಚಿಕ್ಕಬೈರಪ್ಪ.

ಸವಿತಾ ಚಪ್ಪಾಳೆ ತಟ್ಟಿದಳು. ಲಕ್ಷ್ಮಮ್ಮ ಮುಖಕ್ಕೆ ನೀರು ಚಿಮುಕಿಸಿ ಸೆರಗಿನಲ್ಲಿ ಒರೆಸಿದರು. ಸಿದ್ದರಾಜು ಕಣ್ಣು ಬಿಟ್ಟಾಗ ಗೇಟಿನ ಹತ್ತಿರ ಬಿಳಿ ಅಂಗಿಯ, ದಪ್ಪ ಮೀಸೆಯವರೊಬ್ಬರು ನಿಂತಿದ್ದರು. ಹನುಮಯ್ಯ. ಯಾವಾಗಿನಿಂದ ನಿಂತಿದ್ದರೋ.

ಬೆಳಗಿನ ಪಾಪ ತೊಳೆದುಕೊಳ್ಳಲು ಎಲ್ಲರೂ ಮುಗಿಬಿದ್ದರು.

“ಬನ್ನಿ ಸಾರ್, ಬಂಗಾರದಂಥ ಹುಡುಗ. ಒಂದು ಕೋಳಿ ಕೂಡ ಕೊಯ್ಯಕ್ಕಾಗಲ್ಲ ಇವರಿಗೆ,” ಎಂದಳು ಸವಿತಾ.

“ಕಣ್ಣಾರೆ ನೋಡಿದ್ರಲ್ಲ ಯಜಮಾನ್ರೇ, ಚೂರಿ ಹಿಡ್ದಿದ್ಕೇ ಬಿದ್ದೋಯ್ತು ಮಗ,” ಎಂದರು ಲಕ್ಷ್ಮಮ್ಮ.

“ಸೈಂಟಿಫಿಕ್ ಆಗಿ ಪ್ರೂವ್ ಆಗಿದೆ ಸಾರ್. ಈ ಜನ್ಮದಲ್ಲಿ ಇವರ ಕೈಯಲ್ಲಿ ಒಂದು ಕೋಳಿ ಸಾಯಲ್ಲ,” ಎಂದ ಮುರಳಿ.

ಹನುಮಯ್ಯ ಒಂದೊಂದು ಮಾತಿಗೂ ಒಂದೊಂದು ಸಲ ಮೀಸೆ ತೀಡಿದರು. ಆಮೇಲೆ ಸಿದ್ದರಾಜುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೆಗಲ ಮೇಲೆ ಕೈ ಇಟ್ಟರು.

“ನಮ್ದು ಏನು ಯಾಪಾರ ಅಂತ ಬ್ರೋಕರ್ ಯೋಳಿಲ್ವೇನಪ್ಪ?”

“ಬಿಸಿನೆಸ್ ಅಂದ್ರು.”

“ಅತ್ತಿಬೆಲೇಲಿ ಚಿಕನ್ ಅಂಗಡಿ. ನಮ್ ಬಾವ ಸತ್ತಾಗಿಂದ ಒಬ್ನೇ ನೋಡ್ಕಂಡಿವ್ನಿ. ಅಕ್ಕಂಗೆ ಗಂಡ್ ಮಕ್ಕಳಿಲ್ಲ. ಮದ್ವೆ ಆದ್ಮೇಲೆ ಅಂಗ್ಡಿ ಅಳಿಯಂದೇ ಅಂತ ಇದ್ವಿ.” ಅವರು ನಿಟ್ಟುಸಿರು ಬಿಟ್ಟರು. “ಒಳ್ಳೆ ಮನ್ಸ ನೀನು. ಆದ್ರೆ ಭಾನ್ವಾರ ಅಂಗ್ಡಿ ಮುಂದೆ ಜನ ಕ್ಯೂ ನಿಂತಿರೋವಾಗ, ನೀನು ಕೋಳಿಗ್ ಕೈ ಮುಗ್ಕಂಡ್ ಕೂತ್ರೆ ಎಂಗಪ್ಪ?”

“ಕಲ್ತ್ಕೋತೀನಿ ಮಾವ,” ಎಂದ ಸಿದ್ದರಾಜು. ಮಾವ ಎನ್ನುವಾಗಲೇ ಹನುಮಯ್ಯ ಎದ್ದು ಪಂಚೆ ಕೊಡವಿಕೊಂಡಿದ್ದರು. ಲಕ್ಷ್ಮಮ್ಮ ಕಾಫಿ ತರುವಷ್ಟರಲ್ಲಿ ಅವರ ಸ್ಕೂಟರ್ ತಿರುವು ದಾಟಿತ್ತು.

ಜನ ಒಬ್ಬೊಬ್ಬರಾಗಿ ಕರಗಿದರು. ಮೆಟ್ಟಿಲು ಹತ್ತುತ್ತಿದ್ದ ಮುರಳಿ ನಿಂತು ತಿರುಗಿದ.

“ಬೇಜಾರ್ ಮಾಡ್ಕೋಬೇಡ ಗುರು. ಬೆಳಗ್ಗೆ ನಾನು ಹೇಳಿದ್ದು ನಿಜ ಆಗಿದ್ದಿದ್ರೆ ನಿನಗೆ ಮದ್ವೆ ಆಗೋದು.”

“ನೀನು ಮೇಲಕ್ಕೆ ಹೋಗಯ್ಯ,” ಎಂದ ಸಿದ್ದರಾಜು. ಜೀವಮಾನದಲ್ಲಿ ಅವನು ಯಾರಿಗೂ ಹೀಗೆ ಹೇಳಿರಲಿಲ್ಲ. ಮುರಳಿ ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಅಂಗಳ ಖಾಲಿಯಾಯಿತು. ಚೂರಿ ಇನ್ನೂ ಕಲ್ಲಿನ ಮೇಲೆಯೇ ಇತ್ತು. ಕಾಂಪೌಂಡಿನ ಹಿಂದೆ ಏನೋ ಸರಕ್ಕೆಂದಿತು, ಕೋಳಿಯೊಂದು ಕೊಕ್ಕೊಕ್ಕೊ ಎಂದು ಥಟ್ಟನೆ ಸುಮ್ಮನಾಯಿತು. ಆಮೇಲೆ ಒಂದು ದಪ್ಪ ಬೆಕ್ಕು ನುಣ್ಣಗೆ ನಡೆದು ಬಂತು. ಕೊರಳಲ್ಲಿ ನೀಲಿ ಪಟ್ಟಿ, ಬಾಚಿದಂಥ ಮೈ, ಉಂಡು ತೇಗಿದ ಮುಖ. ಸದ್ದಿಲ್ಲ, ಗದ್ದಲವಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಬಾಯಲ್ಲಿ ಹಿಡಿದಿದ್ದ ಕೆಂಪು ಹ್ಯಾಟೆಯನ್ನು ಸಿದ್ದರಾಜುವಿನ ಪಾದದ ಮೇಲೆ ಕಾಣಿಕೆಯಂತೆ ಇಟ್ಟು, ಅವನ ಕಾಲಿಗೆ ಮೈ ಒರೆಸಿ, ನುಗ್ಗೆಮರ ಹತ್ತಿ, ಮುರಳಿಯ ತೆರೆದ ಕಿಟಕಿಯೊಳಗೆ ಇಳಿದುಹೋಯಿತು.

ಜೀವ ಇದೆಯೇನೋ ಎಂದು ಸಿದ್ದರಾಜು ಬಗ್ಗಿ ಹ್ಯಾಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕತ್ತು ವಾಲಿತು, ಅಂಗೈ ಒದ್ದೆಯಾಯಿತು. ಅದೇ ಹೊತ್ತಿಗೆ ಕೋಳಿಗಳನ್ನು ಗೂಡಿಗೆ ಕೂಡಲು “ಬಾ ಬಾ ಬಾ” ಎಂದು ಕರೆಯುತ್ತಾ ಲಕ್ಷ್ಮಮ್ಮ ಮೂಲೆ ತಿರುಗಿದರು.