ಹಿಂದಿನ ಎಡ ಚಕ್ರ

ನನಗೆ ಹೆದರಿಕೆ ಜಾಸ್ತಿ ಎಂದು ನನ್ನ ಹೆಂಡತಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಶುದ್ಧ ಸುಳ್ಳು. ನನಗಿರುವುದು ಹೆದರಿಕೆಯಲ್ಲ, ತಿಳಿವಳಿಕೆ. ಇಪ್ಪತ್ತೇಳು ವರ್ಷದಿಂದ ವಿಮಾ ಕಚೇರಿಯ ವಾಹನ ವಿಭಾಗದಲ್ಲಿ ಕೂತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಮೇಜಿಗೆ ಬರುವ ಮೊದಲ ಫೈಲಿನಲ್ಲೇ ಯಾರದೋ ಕಾರು ಮಗುಚಿಕೊಂಡು ಬಿದ್ದಿರುತ್ತದೆ. ಎರಡನೆಯದರಲ್ಲಿ ಕಂಬವನ್ನು ಅಪ್ಪಿಕೊಂಡಿರುತ್ತದೆ. ಸಂಜೆ ಐದೂವರೆಗೆ ಅವೇ ರಸ್ತೆಗಳಲ್ಲಿ ನಾನು ಕಾರು ಓಡಿಸಿಕೊಂಡು ಮನೆ ಸೇರಬೇಕು. ನೀವೇ ಹೇಳಿ, ಇದಕ್ಕೆ ಎಷ್ಟು ಗುಂಡಿಗೆ ಬೇಕು?

ಹೆಂಡತಿ ಶಾಲೆಯಲ್ಲಿ ಆಟದ ಟೀಚರು. ಕೊರಳಲ್ಲಿ ಸದಾ ಒಂದು ಸೀಟಿ. ಶಾಲೆಯಲ್ಲಿ ಮಕ್ಕಳಿಗೆ ಎಷ್ಟು ಊದುತ್ತಾಳೋ ಕಾಣೆ, ಮನೆಯಲ್ಲಂತೂ ನನಗೆ ಧಾರಾಳವಾಗಿ ಊದುತ್ತಾಳೆ. ಅವಳಿಗೂ ಕಾರು ಓಡಿಸಲು ಬರುತ್ತದೆ. ಆದರೆ ಅವಳು ಓಡಿಸುವಾಗಲೆಲ್ಲ ಪಕ್ಕದಲ್ಲಿ ಕೂತ ನಾನು ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲಡಿಯ ರಬ್ಬರ್ ಹಾಸು ಹರಿದುಹೋಯಿತು. ಆಮೇಲೆ ನಾನೇ ಓಡಿಸುವುದೆಂದು ತೀರ್ಮಾನವಾಯಿತು. (ತೀರ್ಮಾನ ನನ್ನದೇ. ಅಪರೂಪಕ್ಕೆ.)

ಹೀಗಿರುವಾಗ ಮಗಳು ಹೆರಿಗೆಗೆ ಮನೆಗೆ ಬಂದಳು. ಅಳಿಯ ಹಡಗಿನ ಎಂಜಿನಿಯರು, ಯಾವ ಸಮುದ್ರದ ಮೇಲಿದ್ದಾನೆಂದು ಅವನಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಆಸ್ಪತ್ರೆ ಹನ್ನೊಂದು ಕಿಲೋಮೀಟರ್ ದೂರ. ನೋವು ಬಂದರೆ ಕರೆದೊಯ್ಯಬೇಕಾದದ್ದು ನಮ್ಮ ಕಾರು, ಓಡಿಸಬೇಕಾದವನು ನಾನು. ಈ ವಿಷಯ ನೆನೆದಾಗಲೆಲ್ಲ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಅದೇ ವಾರ ಕಚೇರಿಯಿಂದ ಬರುವಾಗ ಕಾರು ಒಂದು ಗುಂಡಿಗೆ ಇಳಿದು ಎದ್ದಿತು. ಎದ್ದ ಮೇಲೆ ಸ್ಟೀರಿಂಗು ಗಡಗಡ ನಡುಗತೊಡಗಿತು. ಮೊದಲು ನಾನೇ ನಡುಗುತ್ತಿದ್ದೇನೆ ಅಂದುಕೊಂಡೆ. ಮನೆಗೆ ಬಂದು ಸ್ಟೀರಿಂಗು ಬಿಟ್ಟ ಮೇಲೂ ನಡುಕ ನಿಲ್ಲಲಿಲ್ಲ, ಹಾಗಾಗಿ ಇಬ್ಬರೂ ನಡುಗುತ್ತಿದ್ದೆವು ಅನ್ನಬೇಕು.

ಟೈರ್ ಅಂಗಡಿಯವನನ್ನು ನಮ್ಮ ಬೀದಿಯವರೆಲ್ಲ ಕರೆಯುವುದು 'ಪರವಾಗಿಲ್ಲ' ಎಂದೇ. ಏನು ಕೇಳಿದರೂ ಅವನ ಬಾಯಲ್ಲಿ ಬರುವುದು ಅದೊಂದೇ ಮಾತು. ನನ್ನಂಥವನಿಗೆ ಅದಕ್ಕಿಂತ ಭಯಂಕರವಾದ ಪದ ಇನ್ನೊಂದಿಲ್ಲ. ಚೆನ್ನಾಗಿದೆ ಅನ್ನಲಿ, ನಂಬುತ್ತೇನೆ. ಕೆಟ್ಟಿದೆ ಅನ್ನಲಿ, ಮನೆಯಲ್ಲೇ ಇರುತ್ತೇನೆ. ಪರವಾಗಿಲ್ಲ ಅಂದರೆ ಏನು ಮಾಡುವುದು?

ಅವನು ನಾಲ್ಕೂ ಚಕ್ರ ತಿರುಗಿಸಿ ನೋಡಿ ಹೇಳಿದ, "ಎರಡು ರಿಮ್ ಸೊಟ್ಟಗಾಗಿದೆ ಸಾರ್. ಇನ್ನೆರಡು ತುಕ್ಕು. ಕಂಪನಿದು ಬರೋಕೆ ಎರಡು ತಿಂಗಳು. ಹೊರಗಡೆದು ಅಲಾಯ್ ಚಕ್ರ ಹಾಕಿಸಿಬಿಡಿ, ಕೈಗೆಟುಕೋ ಬೆಲೇಲೂ ಇವೆ."

ಮನೆಗೆ ಬಂದು ವಿಷಯ ಮಂಡಿಸಿದೆ. ಹೆಂಡತಿ ತಲೆಯೆತ್ತದೆ, "ಚಕ್ರ ಅಂದ್ರೆ ಗುಂಡಗಿರಬೇಕು. ಗುಂಡಗಿರೋದು ನೋಡಿ ತಗೊಂಡು ಬನ್ನಿ," ಎಂದಳು.

ಇಷ್ಟು ಸರಳವಾಗಿದ್ದರೆ ನನ್ನ ಕಚೇರಿ ಯಾವತ್ತೋ ಮುಚ್ಚಿಹೋಗುತ್ತಿತ್ತು. ಒಂದು ನೋಟ್‌ಬುಕ್ ಹಿಡಿದು ಚಕ್ರಶಾಸ್ತ್ರದ ಆಳವಾದ ಅಧ್ಯಯನಕ್ಕೆ ಕೂತೆ. ವಾರದ ಕೊನೆಗೆ ಗೊತ್ತಾದದ್ದು ಇಷ್ಟು: ತೀರಾ ಅಗ್ಗದ್ದು ಕೊಂಡರೆ ಚಕ್ರದ ಭಯ, ದುಬಾರಿಯದು ಕೊಂಡರೆ ಹೆಂಡತಿಯ ಭಯ. ನಡುವಿನದೇ ನನ್ನ ದಾರಿ.

ಅಂಗಡಿಯ ಗೋಡೆ ತುಂಬ ಚಕ್ರಗಳು ತೂಗುತ್ತಿದ್ದವು. ಪರವಾಗಿಲ್ಲ ಮೊದಲು ತೋರಿಸಿದ್ದು ಒಂದು ಸೈಜು ದೊಡ್ಡದು. ನೋಡಲು ಬಹಳ ಠೀವಿ. ಆದರೆ ಅದಕ್ಕೆ ಹಾಕುವ ಟೈರು ರೊಟ್ಟಿಯ ಅಂಚಿನ ಹಾಗೆ ತೆಳ್ಳಗೆ, ಮುಂದಿನ ಗುಂಡಿಯ ಏಟು ನೇರವಾಗಿ ರಿಮ್ಮಿಗೇ. ಬೇಡ, ಇದ್ದ ಸೈಜೇ ಇರಲಿ ಎಂದೆ. ಆಮೇಲೆ ಮೂಲೆಯಿಂದ ಬಳಸಿದ ಒಂದು ಸೆಟ್ ಎಳೆದ. ಹೊಳಪಿತ್ತು, ಬೆಲೆಯೂ ಹಿತವಾಗಿತ್ತು.

"ಇದು ಯಾವ ಕಾರಿನದು?" ಎಂದೆ.

"ಪಾಪ, ಒಳ್ಳೆ ಕಾರಾಗಿತ್ತು ಸಾರ್," ಎಂದ.

ಆ 'ಪಾಪ' ಕೇಳಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೊಸದೇ ಬೇಕೆಂದೆ. ಚಕ್ರದ ಹಿಂಬದಿಯಲ್ಲಿ ಅದು ಹೊರಬಲ್ಲ ಭಾರವನ್ನು ಅಚ್ಚೊತ್ತಿರುತ್ತಾರೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕಾರಿನ ತೂಕ, ನನ್ನದು, ಮಗಳದ್ದು, ಆಸ್ಪತ್ರೆಯ ಚೀಲದ್ದು, ಇನ್ನೂ ಹುಟ್ಟದ ಮಗುವಿನದು ಅಂದಾಜು ಮೂರು ಕಿಲೋ, ಎಲ್ಲ ಕೂಡಿಸಿದೆ. ಹೆಂಡತಿಯ ತೂಕ ಫೋನಿನಲ್ಲಿ ಕೇಳಿದೆ. ಅವಳು ಉತ್ತರ ಕೊಡದೆ ಸೀಟಿ ಊದಿದಳು. ಎಪ್ಪತ್ತು ಅಂತ ಬರೆದುಕೊಂಡೆ.

ಲೆಕ್ಕ ಸರಿಹೋಯಿತು, ನಟ್ಟಿನ ತೂತುಗಳೂ ಹೊಂದಿದವು. ಆದರೆ ನಡುವಿನ ತೂತು ನಮ್ಮ ಕಾರಿಗೆ ಸ್ವಲ್ಪ ದೊಡ್ಡದು. ಅಲ್ಲಿಗೆ ಅವನು ಒಂದು ಬಳೆಯಂಥದ್ದನ್ನು ಕೂರಿಸಿದ. ಮುಟ್ಟಿ ನೋಡಿದೆ.

"ಪ್ಲಾಸ್ಟಿಕ್ಕಾ?"

"ಪರವಾಗಿಲ್ಲ ಸಾರ್. ಭಾರ ತಡಿಯೋದು ನಟ್ಟು. ಇದು ಚಕ್ರಾನ ನಟ್ಟನಡುವೆ ಕೂರಿಸೋಕಷ್ಟೇ."

ಹೊಸ ಚಕ್ರಕ್ಕೆ ಹೊಸ ನಟ್ಟು ಹಾಕಿ ಮುಗಿದ ಮೇಲೆ ಹಳೆಯ ನಟ್ಟುಗಳನ್ನು ಒಂದು ಕಾಗದದಲ್ಲಿ ಕಟ್ಟಿ ಕೊಟ್ಟ. "ಹದಿನಾರಿವೆ, ಬಿಸಾಡಬೇಡಿ. ಸ್ಟೆಪ್ನಿ ಹಳೇ ಕಬ್ಬಿಣದ್ದೇ ಅಲ್ವಾ, ಪಂಕ್ಚರ್ ಆದ್ರೆ ಅದಕ್ಕೆ ಈ ನಟ್ಟೇ ಬೇಕು. ಗಾಡೀಲೇ ಇಟ್ಟಿರಿ. ಆಮೇಲೆ ನೂರು ಕಿಲೋಮೀಟರ್ ಓಡಿಸಿ ಒಂದ್ಸಲ ಬನ್ನಿ, ಬಿಗಿ ನೋಡೋಣ."

"ಯಾಕೆ, ಸಡಿಲ ಆಗುತ್ತಾ?"

"ಆಗಲ್ಲ ಸಾರ್. ಆದ್ರೂ ನೋಡ್ಬೇಕು."

ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆ. ಜವಾಬ್ದಾರಿಯ ಮನುಷ್ಯನಾದ್ದರಿಂದ ಹದಿನಾರು ನಟ್ಟನ್ನೂ ಒಂದು ಬಿಸ್ಕತ್ ಡಬ್ಬಿಗೆ ಹಾಕಿ, ಡಿಕ್ಕಿಯ ಮೂಲೆಯಲ್ಲಿ ಭದ್ರವಾಗಿಟ್ಟೆ. ರಾತ್ರಿ ಊಟದ ಹೊತ್ತಿಗೆ ಮಗಳು ಹೇಳಿದಳು, "ಅಪ್ಪ, ಚಕ್ರ ಚೆನ್ನಾಗಿವೆ." ಎಷ್ಟೋ ದಿನದ ಮೇಲೆ ಅನ್ನ ರುಚಿಸಿತು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವಾಗ ಕೇಳಿಸಿತು. ಹಿಂದಿನಿಂದ, ಎಡಗಡೆಯಿಂದ. ಕಟ್. ಕಟಕಟ. ಕಟಾರ್.

ನುಣುಪು ರಸ್ತೆಯಲ್ಲಿ ಇಲ್ಲ. ರಸ್ತೆ ಕೆಟ್ಟ ಕಡೆ ಶುರು. ನಿಲ್ಲಿಸಿದರೆ ನಿಲ್ಲುತ್ತದೆ, ಹೊರಟರೆ ಹೊರಡುತ್ತದೆ. ಚಕ್ರವಲ್ಲದೆ ಇನ್ನೇನು? ನಟ್ಟು ಸಡಿಲವಾಗುತ್ತಿದೆ. ಸಡಿಲವಾಗುವುದಿಲ್ಲ ಎಂದು ಅವನು ಹೇಳಿದ್ದ, ಆದರೂ ನೋಡಬೇಕು ಎಂದೂ ಹೇಳಿದ್ದ. ಸೀದಾ ಅಂಗಡಿಗೆ ಹೋದೆ. ಅವನು ಕಾರನ್ನು ಎತ್ತಿ, ನಾಲ್ಕೂ ಚಕ್ರ ಅಲ್ಲಾಡಿಸಿ, ಬಿಗಿ ನೋಡಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಡಿ ಮುಂದಿನ ಹೊಸ ರಸ್ತೆಯಲ್ಲಿ ಒಂದು ಸುತ್ತು ಹೊಡೆದ. ಒಂದು ಕಟ್ ಕೂಡ ಇಲ್ಲ. ಏನು ಹೇಳಿದ ಎಂದು ನಾನು ಬೇರೆ ಹೇಳಬೇಕಿಲ್ಲ.

ಅಂದಿನಿಂದ ಸ್ಪ್ಯಾನರು ನನ್ನ ಬಲಗೈ ಆಯಿತು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹೋಗಿ ಹದಿನಾರು ಹೊಸ ನಟ್ಟನ್ನೂ ಒಮ್ಮೆ ಬಿಗಿ ಮಾಡುತ್ತಿದ್ದೆ. ನಾಲ್ಕನೆಯ ದಿನ ಕಚೇರಿಯಲ್ಲಿ ಒಂದು ಫೈಲು ಬಂತು: ಅತಿಯಾಗಿ ಬಿಗಿದು ಬೋಲ್ಟು ಮುರಿದು ಚಕ್ರ ಕಳಚಿಹೋದ ಪ್ರಕರಣ. ಸಡಿಲವಾದರೆ ಚಕ್ರ ಹೋಗುತ್ತದೆ, ಬಿಗಿಯಾದರೆ ಬೋಲ್ಟು ಹೋಗುತ್ತದೆ. ಮರುದಿನದಿಂದ ಬೆಳಿಗ್ಗೆ ಸ್ವಲ್ಪ ಬಿಗಿ ಮಾಡಿ, ಸಂಜೆ ಸ್ವಲ್ಪ ಸಡಿಲ ಮಾಡತೊಡಗಿದೆ.

"ಏನ್ರೀ ಅದು, ಹೊತ್ತು ಮೂಡಿದರೆ ಕಾರಿನ ಕಾಲು ಹಿಡೀತೀರ?" ಎಂದಳು ಹೆಂಡತಿ.

"ಆ ಶಬ್ದ ನಿನಗೆ ಕೇಳಿಸಲ್ವಾ?"

"ಹಳೇ ಕಾರು. ಶಬ್ದ ಮಾಡದೆ ಇನ್ನೇನು ಮಾಡುತ್ತೆ? ನಿಮ್ಮ ಮಂಡಿ ಶಬ್ದ ಮಾಡಲ್ವಾ? ಅದೇನು ಕಳಚಿ ಬಿತ್ತಾ?"

ಅವಳ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಒಂದೇ ಚಿತ್ರ. ಹಿಂದಿನ ಸೀಟಿನಲ್ಲಿ ಮಗಳು ನೋವು ತಿನ್ನುತ್ತಿದ್ದಾಳೆ, ಅವಳ ಕೆಳಗಿನ ಚಕ್ರ ತನ್ನ ಪಾಡಿಗೆ ತಾನು ಬೇರೆ ದಾರಿ ಹಿಡಿದು ಹೋಗುತ್ತಿದೆ. ಆ ಚಕ್ರವನ್ನು ಆರಿಸಿದವನು ನಾನು. ಕೈಗೆಟುಕುವ ಬೆಲೆಯದು ಎಂದು ಆರಿಸಿದವನು. ಇದನ್ನು ಯಾರ ಬಳಿ ಹೇಳಿಕೊಳ್ಳಲಿ?

ನೋವು ಬಂದದ್ದು ಒಂದು ಬುಧವಾರ, ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ. ಹೆಂಡತಿಯೂ ಶಾಲೆಗೆ ರಜೆ ಹಾಕಿದ್ದಳು, ನಾನು ಆ ವಾರವೆಲ್ಲ ರಜೆ ಹಾಕಿ ಬಾಗಿಲಲ್ಲೇ ಕೂತಿದ್ದೆ. ಹೆಂಡತಿ ಮಗಳನ್ನು ಹಿಂದೆ ಕೂರಿಸಿ, ಚೀಲ ಡಿಕ್ಕಿಗೆ ಹಾಕಿ, ತಾನೂ ಹಿಂದೆ ಕೂತು ಸೀಟಿ ಊದಿದಳು. ಹೊರಟೆ.

ಗಂಟೆಗೆ ಇಪ್ಪತ್ತು ಕಿಲೋಮೀಟರ್. ಒಬ್ಬ ಸೈಕಲ್ಲಿನವನು ಹಿಂದೆ ಹಾಕಿ ಹೋದ. ಅಂಚೆಯವರು ಪಕ್ಕದಲ್ಲಿ ಸ್ವಲ್ಪ ದೂರ ಜೊತೆಯಲ್ಲೇ ಬಂದು, ಬೇಸರವಾಗಿ ಮುಂದೆ ಹೋದರು.

"ಅಪ್ಪ, ಸ್ವಲ್ಪ ಬೇಗ," ಎಂದಳು ಮಗಳು ಹಲ್ಲು ಕಚ್ಚಿ.

"ಬೇಗಾನೇ ಹೋಗ್ತಿದೀನಿ ಮಗಳೇ."

"ರೀ, ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಹೆರಿಗೆ ಆಗಿ ವಾಪಸ್ ಬರ್ತಿದ್ವಿ," ಎಂದಳು ಹೆಂಡತಿ.

ಆಮೇಲೆ ಬಂತು ಪೈಪು ಹಾಕಲು ಅಗೆದಿಟ್ಟ ರಸ್ತೆ. ಕಟ್. ಕಟಕಟ. ಕಟಾರ್ ಕಟಾರ್. ಅಂದು ಆ ಶಬ್ದ ಎಂದೂ ಇಲ್ಲದಷ್ಟು ಜೋರಾಗಿತ್ತು. ಮಗಳು ನರಳಿದಾಗಲೆಲ್ಲ ಅದೂ ನರಳುತ್ತಿತ್ತು. ನನ್ನ ಪ್ರಾಣ ಬಾಯಿಗೆ ಬಂತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸೀಟಿನ ಕೆಳಗಿದ್ದ ಸ್ಪ್ಯಾನರು ತೆಗೆದುಕೊಂಡು ಇಳಿದೆ.

"ಅಪ್ಪ, ಈಗ ಬೇಡ," ಎಂದಳು ಮಗಳು.

"ಎರಡೇ ನಿಮಿಷ ಕಣಮ್ಮ. ನಿನಗೇನಾದ್ರೂ ಆದ್ರೆ ನಾನು ಬದುಕಿರಲ್ಲ. ಈ ಚಕ್ರ ತಂದೋನು ನಾನು," ಎಂದೆ. ಸ್ಪ್ಯಾನರು ಹಿಡಿದು ಹಿಂದಿನ ಎಡ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಒಂದು ಬಾಗಿಲು ತೆರೆದು ಮುಚ್ಚಿತು. ಇನ್ನೊಂದು ಬಾಗಿಲು ತೆರೆದು ಮುಚ್ಚಿತು. ಮೊದಲ ನಟ್ಟಿಗೆ ಸ್ಪ್ಯಾನರು ಇಡಲು ಹೋದೆ, ನಟ್ಟು ಮುಂದಕ್ಕೆ ಹೋಯಿತು. ಅದರ ಜೊತೆ ಚಕ್ರವೂ, ಚಕ್ರದ ಜೊತೆ ಕಾರೂ ಹೋಯಿತು.

ಧೂಳಿನಲ್ಲಿ ಕೂತೇ ನೋಡಿದೆ. ಕಾರು ಆ ಅಗೆದ ರಸ್ತೆಯಲ್ಲಿ ಜಿಂಕೆಯ ಹಾಗೆ ನೆಗೆಯುತ್ತ ಹೋಗುತ್ತಿತ್ತು. ಕೊಂಡಾಗಿನಿಂದ ಆ ಚಕ್ರಗಳು ಓಡುವುದನ್ನು ನಾನು ಹೊರಗಿನಿಂದ ನೋಡಿರಲೇ ಇಲ್ಲ. ಒಂದಿಷ್ಟೂ ಅಲುಗದೆ ನೆಟ್ಟಗೆ ತಿರುಗುತ್ತಿದ್ದವು. ಚೆನ್ನಾಗಿಯೂ ಕಾಣುತ್ತಿದ್ದವು.

ಆದರೂ ನೋಡಬೇಕಲ್ಲ. ಮಿಕ್ಕ ನಾಲ್ಕು ಕಿಲೋಮೀಟರನ್ನು ಕಳಚಿ ಬಿದ್ದ ನಟ್ಟು ಸಿಗಬಹುದೆಂದು ನೆಲ ನೋಡುತ್ತಲೇ ನಡೆದೆ. ಪ್ರತಿ ತಿರುವಿನಲ್ಲೂ ಮೊದಲು ಚರಂಡಿಗೆ ಇಣುಕಿ, ಆಮೇಲೆ ಮುಂದೆ ಹೋದೆ. ಆಸ್ಪತ್ರೆಯ ಕಾವಲುಗಾರ ಸ್ಪ್ಯಾನರು ಹಿಡಿದು ಬೆವರುತ್ತ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮೇಲೆ ಸಿಟ್ಟು?" ಎಂದು ಕೇಳಿ ಸ್ಪ್ಯಾನರು ಕಸಿದುಕೊಂಡು ಚೀಟಿ ಕೊಟ್ಟ.

ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ತೊಡೆಯ ಮೇಲೆ ಬಿಸ್ಕತ್ ಡಬ್ಬಿ.

"ಮಗಳು ಒಳಗಿದಾಳೆ, ಚೆನ್ನಾಗಿದಾಳೆ," ಎಂದಳು. ಆಮೇಲೆ ಡಬ್ಬಿಯನ್ನು ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಅಲ್ಲಾಡಿಸಿದಳು.

ಕಟ್. ಕಟಕಟ. ಕಟಾರ್.

"ಚೀಲ ತೆಗೆಯೋವಾಗ ಇದು ಉರುಳಿಬಿತ್ತು. ಮೂರು ಜನ ನರ್ಸುಗಳು ಬಗ್ಗಿ ಬಗ್ಗಿ ಆರಿಸಿಕೊಟ್ರು. ಇದನ್ನ ಎಡಗಡೆ ಚಕ್ರದ ತಲೆ ಮೇಲೆ ಇಟ್ಟ ಪುಣ್ಯಾತ್ಮ ಯಾರು?"

ನನ್ನ ಮುಖ ಹುಳ್ಳಗಾಯಿತು. ಮಾತು ಬದಲಿಸಲೆಂದು ಡಬ್ಬಿ ತೆಗೆದು ಎಣಿಸಿದೆ. "ಹದಿನೈದೇ ಇವೆ," ಎಂದೆ ಗಾಬರಿಯಿಂದ. ಅವಳ ಕೈ ಸೀಟಿಯ ಕಡೆ ಹೋಯಿತು. ಅಷ್ಟರಲ್ಲಿ ನರ್ಸಮ್ಮ ಹೊರಗೆ ಬಂದು ಹೆಣ್ಣು ಮಗು ಎಂದಳು. ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಹೆಂಡತಿಯೂ ಅತ್ತಳು, ಆದರೆ ಇದನ್ನು ಹೊರಗೆ ಹೇಳಬಾರದೆಂದು ಅಪ್ಪಣೆಯಾಗಿದೆ.

ಈಗ ಮೊಮ್ಮಗಳಿಗೆ ಮೂರು ತಿಂಗಳು. ಎದೆಗಾರಿಕೆಯಲ್ಲಿ ಥೇಟ್ ತಾತ. ಬಾಗಿಲು ಹಾಕಿದರೆ ಬೆಚ್ಚುತ್ತಾಳೆ, ಯಾರಾದರೂ ಸೀನಿದರೆ ಬೆಚ್ಚುತ್ತಾಳೆ, ಕಾರು ಹತ್ತಿಸಿದರೆ ಊರು ಹಾರಿಹೋಗುವ ಹಾಗೆ ಅಳುತ್ತಾಳೆ. ಅವಳನ್ನು ಸುಮ್ಮನಾಗಿಸುವ ವಸ್ತು ಜಗತ್ತಿನಲ್ಲಿ ಒಂದೇ. ಅದರಲ್ಲಿ ಹದಿನೈದು ನಟ್ಟುಗಳಿವೆ.

ಹಾಗಾಗಿ ಈಗ ಕಾರು ಓಡಿಸುವುದು ಹೆಂಡತಿ, ಗಂಟೆಗೆ ಅರವತ್ತಕ್ಕೆ ಕಡಿಮೆಯಿಲ್ಲದಂತೆ. ನನ್ನ ಜಾಗ ಹಿಂದೆ, ಎಡಗಡೆ, ಮಗುವಿನ ಪಕ್ಕ, ಸರಿಯಾಗಿ ಆ ಚಕ್ರದ ಹತ್ತಿರ. ಕೆಲಸ, ಡಬ್ಬಿ ಅಲ್ಲಾಡಿಸುವುದು. ಈಗಷ್ಟೇ ಕೈ ಸೋತು ಒಂದು ಕ್ಷಣ ನಿಲ್ಲಿಸಿದೆ. ಮುಂದಿನಿಂದ ಹೆಂಡತಿಯ ದನಿ ನಡುಗಿತು. "ರೀ, ಯಾಕೆ ಶಬ್ದ ನಿಂತೋಯ್ತು?"

ತಕ್ಷಣ ಮತ್ತೆ ಅಲ್ಲಾಡಿಸಿದೆ. ಕಟಕಟ, ಕಟಾರ್. ಮಗು ನಿದ್ದೆ ಹೋಗಿದೆ, ಹೆಂಡತಿ ನಿಶ್ಚಿಂತೆಯಿಂದ ಓಡಿಸುತ್ತಿದ್ದಾಳೆ, ಮಗಳು ಮುಂದಿನ ಸೀಟಿನಲ್ಲಿ ಆರಾಮಾಗಿದ್ದಾಳೆ. ಎಲ್ಲರಿಗೂ ನೆಮ್ಮದಿ. ನನ್ನ ಪಾಡು ಮಾತ್ರ ಕೇಳಬೇಡಿ. ಈ ಡಬ್ಬಿಯ ಗಲಾಟೆಯಲ್ಲಿ ಚಕ್ರದ ಶಬ್ದ ನನಗೆ ಒಂಚೂರೂ ಕೇಳಿಸುತ್ತಿಲ್ಲ.