ಮೈಸೂರು ಪ್ಲಾನಿನಲ್ಲಿ ನಾನು ಕೈಬಿಟ್ಟ ಜಾಗ

ಪ್ರವಾಸ ಹೋಗುವುದಕ್ಕಿಂತ ಅದಕ್ಕೆ ಪ್ಲಾನ್ ಹಾಕುವುದರಲ್ಲೇ ಹೆಚ್ಚು ಸುಖ ಕಾಣುವವರಿದ್ದಾರೆ. ನಾನು ಆ ಪೈಕಿ. ಗ್ಯಾಸ್ ಬುಕ್ ಮಾಡುವುದಕ್ಕೂ ನನ್ನನ್ನು ನಂಬದ ಹೆಂಡತಿ ಮಂಜುಳ, ದೊಡ್ಡಬಳ್ಳಾಪುರ ದಾಟುವ ವಿಷಯ ಬಂದರೆ ಮಾತ್ರ ಯಜಮಾನಿಕೆಯನ್ನು ನನಗೇ ಬಿಟ್ಟುಕೊಡುತ್ತಾಳೆ. ಹೋದ ಸಲ ಶಿವಗಂಗೆಗೆ ಹೊರಟಾಗ, ಸರಿಯಾಗಿ ಬೆಟ್ಟ ಹತ್ತುವ ಹೊತ್ತಿಗೆ ಸುಡುಬಿಸಿಲು ಬೀಳುವಂತೆ ಏರ್ಪಾಟು ಮಾಡಿದವನು ನಾನೇ.

ಈ ಸಲ ಮೈಸೂರು. ಸಾಸಲಿನಿಂದ ಅತ್ತೆ ಬಂದಿದ್ದರು. ಮೊಣಕಾಲು ಕೈಕೊಡುತ್ತಿದೆ, ಇನ್ನು ಮುಂದೆ ದೂರದ ಪ್ರಯಾಣ ಕಷ್ಟ ಎಂದು ಡಾಕ್ಟರು ಹೇಳಿದ್ದರಿಂದ ಈಗಲೇ ಒಂದು ದಿನ ಸುತ್ತಿಸಿಕೊಂಡು ಬರೋಣವೆಂದು ಮಾತಾಯಿತು. ನಾನು ಅರಮನೆ, ಬೆಟ್ಟ, ಮೃಗಾಲಯ, ನಡುವೆ ಮಸಾಲೆ ದೋಸೆ ಎಂದು ಉತ್ಸಾಹದಿಂದ ಜೋಡಿಸುತ್ತಿದ್ದೆ.

"ರೀ, ಅಮ್ಮಂಗೆ ನಾನು ಓದಿದ ಯೂನಿವರ್ಸಿಟಿ ತೋರಿಸ್ಬೇಕು. ಅಲ್ಲಿದ್ದಷ್ಟು ದಿನವೂ ಅವಳಿಗೆ ಒಂದ್ಸಲಾನೂ ಬರಕ್ಕಾಗ್ಲಿಲ್ಲ," ಎಂದಳು ಮಂಜುಳ.

"ಅಲ್ಲೇನಿದೆ ಮಂಜು? ನಾಕು ಕಟ್ಟಡ, ಒಂದಷ್ಟು ಮರ. ಟೈಮ್ ಸಾಲಲ್ಲ," ಎಂದೆ.

ಟೈಮಿನ ಮಾತು ಬರೀ ನೆಪ. ಮಂಜುಳ ಅಲ್ಲಿ ಎಂ.ಎ. ಮಾಡಿದವಳು, ನನ್ನ ಬಿ.ಕಾಂ.ನ ಒಂದು ಪೇಪರು ಇನ್ನೂ ಬಾಕಿಯಿದೆ. ಹೆಂಡತಿ "ಇದು ನಮ್ಮ ಡಿಪಾರ್ಟ್‌ಮೆಂಟು, ಇದು ಲೈಬ್ರರಿ" ಎನ್ನುತ್ತ ಮುಂದೆ ನಡೆಯುವಾಗ ಹಿಂದಿನಿಂದ ಬ್ಯಾಗು ಹೊತ್ತು ಬರುವ ಅಳಿಯನ ಚಿತ್ರ ನನಗೆ ಹಿಡಿಸಲಿಲ್ಲ. ಅರಮನೆಯಲ್ಲಾದರೆ ಎಲ್ಲರೂ ಸಮಾನ. ಅಲ್ಲಿ ನಮ್ಮಲ್ಲಿ ಯಾರೂ ರಾಜರಲ್ಲ.

ಸಂಜೆ ಅತ್ತೆ ಜಗಲಿಯಲ್ಲಿ ಕೂತು ತಂಗಿಗೆ ಫೋನ್ ಮಾಡುತ್ತಿದ್ದರು. ಅವರ ಪ್ರಕಾರ ಫೋನ್ ದೂರಕ್ಕೆ ಕೇಳಬೇಕಾದರೆ ಗಟ್ಟಿಯಾಗಿಯೇ ಮಾತಾಡಬೇಕು.

"ಮಂಜಿ ಓದಿದ ಜಾಗ ನೋಡಕ್ಕೆ ಹೋಯ್ತಾ ಇವ್ನಿ ಕಣಮ್ಮಿ! ಅಳಿಯಂದ್ರೇ ಕರ್ಕೊಂಡ್ ಹೋಯ್ತಾವ್ರೆ. ಎಂಥಾ ದೊಡ್ಡ ಮನಸು ನೋಡು! ಯಾವ ಗಂಡಸು ಹೆಂಡ್ತಿ ಓದಿದ್ದನ್ನ ಮೆರೆಸ್ತಾನೆ ಹೇಳು?"

ನಾನು ಬೇಡವೆಂದದ್ದು ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಮೆಲ್ಲಗೆ ಅಡುಗೆಮನೆಗೆ ಹೋದೆ.

"ಮಂಜು, ಯೂನಿವರ್ಸಿಟಿಗೆ ಮೊದಲೇ ಹೋಗ್ಬಿಡೋಣ. ಮೃಗಾಲಯ ಬಿಟ್ಟರಾಯ್ತು."

ಅವಳು ಒಲೆಯ ಕಡೆಯಿಂದ ತಿರುಗಲೂ ಇಲ್ಲ. "ಅಮ್ಮ ಫೋನಲ್ಲಿ ಮಾತಾಡಿದ್ದು ಕೇಳಿಸ್ತಾ?"

ಹೋದೆವು. ಅತ್ತೆ ಕುಂಟುತ್ತಲೇ ಪ್ರತಿಯೊಂದು ಬಾಗಿಲಿನಲ್ಲೂ ಇಣುಕಿದರು. ಮಂಜುಳ ಓದುತ್ತಿದ್ದ ತರಗತಿಯ ಗೋಡೆಯನ್ನು ಅಂಗೈಯಿಂದ ಸವರಿದರು. "ಇಷ್ಟು ದೊಡ್ಡ ಊರಾಗೆ ಒಬ್ಳೇ ಇದ್ದೇನವ್ವಾ?" ಎಂದು ಮಗಳ ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ. ನಾನು ಬ್ಯಾಗು ಹೊತ್ತು ಹಿಂದೆಯೇ ನಿಂತಿದ್ದೆ. ಅದು ಅಷ್ಟೇನೂ ಭಾರವಿರಲಿಲ್ಲ.

ಮರದ ಕೆಳಗೆ ಚಿತ್ರಾನ್ನ ಬಿಚ್ಚಿದಾಗ ಅತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ನಿಮ್ಮ ದೆಸೆಯಿಂದ ಇದನ್ನ ನೋಡ್ದಂಗಾಯ್ತು ಕಣಪ್ಪಾ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಬಾಯಿಯನ್ನೂ ತೆರೆದೆ. "ಅಯ್ಯೋ, ಇದರಲ್ಲೇನಿದೆ ಅತ್ತೆ? ನಮ್ಮ ಕರ್ತವ್ಯ," ಎಂದುಬಿಟ್ಟೆ.

ಮಂಜುಳಳಿಗೆ ಚಿತ್ರಾನ್ನ ನೆತ್ತಿಗೆ ಹತ್ತಿತು. ನೀರಿನ ಬಾಟಲಿಯನ್ನು ತಕ್ಷಣ ನಾನೇ ಚಾಚಿದೆ, ಅವಳ ಮುಖ ಮಾತ್ರ ನೋಡಲಿಲ್ಲ.